ಚಕ್ರ ನೆಲದ ಮೇಲಿರಬೇಕು

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಗಫೂರ್ ಉಸ್ತಾದರು ನನ್ನನ್ನು ಒಂದು ಮುದಿ ಪಿಕಪ್ಪಿನ ಡ್ರೈವರ್ ಸೀಟಿನಲ್ಲಿ ಕೂರಿಸಿ, “ಕಣ್ಣ ಮುಚ್ಚರಿ ಅಕ್ಕೋರ” ಎಂದರು. ನನಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಈಗಲೂ ಬರುವುದಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಾವಿರಾರು ಗಾಡಿಗಳ ಸ್ಟೇರಿಂಗ್ ಹಿಡಿದಿದ್ದೇನೆ, ಒಂದನ್ನೂ ಗೇಟಿನಾಚೆ ದಾಟಿಸಿಲ್ಲ.

ನಾನು ದುಡಿದದ್ದು ಪಟಾನ್‌ಚೆರು ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ. ಫ್ಯಾಕ್ಟರಿಗಳಿಗೆ ಮಾಲು ಹೊರುವ ಪಿಕಪ್ಪುಗಳೇ ಅಲ್ಲಿಗೆ ಹೆಚ್ಚು ಬರುತ್ತಿದ್ದವು. ನನ್ನನ್ನು ತೆಗೆದುಕೊಂಡದ್ದು ಇಂಗ್ಲಿಷಿಗಾಗಿ. ಕಂಪನಿಯ ಮ್ಯಾನ್ಯುಯಲ್ಲುಗಳೆಲ್ಲ ಇಂಗ್ಲಿಷಿನಲ್ಲಿ ಬರುತ್ತಿದ್ದವು, ಅದನ್ನು ಓದುವವರು ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಅಪ್ಪ ರೈಲ್ವೆಯಲ್ಲಿದ್ದರು, ನಮ್ಮದು ಕಲಬುರಗಿ ಕಡೆಯ ಮನೆತನ. ಮಲ್ಕಾಜ್‌ಗಿರಿಯ ಮನೆಯೊಳಗೆ ಕನ್ನಡ, ಕಾನ್ವೆಂಟಿನಲ್ಲಿ ಇಂಗ್ಲಿಷ್, ಬೀದಿಯಲ್ಲಿ ತೆಲುಗು. ಉಸ್ತಾದರು ಹುಮನಾಬಾದಿನವರು. ನಾನು ಕನ್ನಡದವಳೆಂದು ತಿಳಿದ ದಿನವೇ ನನಗೆ “ಅಕ್ಕೋರು” ಎಂದು ಹೆಸರಿಟ್ಟರು. ನಮ್ಮ ಕಡೆ ಸಾಲಿ ಟೀಚರಮ್ಮನನ್ನು ಕರೆಯುವುದು ಹಾಗೆ. ಗೌರವವೋ ಚೇಷ್ಟೆಯೋ ಎಂದು ಬಹಳ ದಿನ ನನಗೆ ಅನುಮಾನವಿತ್ತು.

ನಮ್ಮ ಕಾಲೋನಿಯ ಹುಡುಗಿಯೊಬ್ಬಳು ಈಗ ಇದೇ ಕೆಲಸಕ್ಕೆ ಸೇರಿದ್ದಾಳೆ. ಸರ್ವಿಸ್ ಅಡ್ವೈಸರ್ ಅಂತೆ. ಕೈಯಲ್ಲಿ ಟ್ಯಾಬ್ಲೆಟ್, ಕೊರಳಲ್ಲಿ ಐಡಿ. “ಆಂಟಿ, ಆಕ್ಚುವಲಿ ನಿಮ್ಮ ಕಾಲದಲ್ಲಿ ಏನು ಮಾಡ್ತಿದ್ರಿ?” ಎಂದು ಕೇಳಿದಳು. ಸಂಬಳ, ಪ್ರಮೋಷನ್ನು ಅವಳು ಗೂಗಲ್ಲಿನಲ್ಲಿ ಹುಡುಕಿಕೊಳ್ಳಲಿ. ನಾನು ಒಂದು ಸ್ಟೇರಿಂಗ್ ಬಗ್ಗೆ ಬರೆಯುತ್ತೇನೆ.

ಸ್ಟೇರಿಂಗ್ ಸಡಿಲವಾದ ಗಾಡಿ ಬಂದರೆ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಒಂದೇ ಒಂದು ಬೋಲ್ಟು ಬಿಚ್ಚುವ ಮೊದಲು ಗಾಡಿಯನ್ನು ಗುಂಡಿಯ ಮೇಲೆ ತಂದು ನಿಲ್ಲಿಸುವುದು. ಎರಡೂ ಕಡೆ ಚಕ್ರಗಳು ಗಟ್ಟಿ ನೆಲದ ಮೇಲೆ, ನಡುವೆ ಆಳುದ್ದದ ಗುಂಡಿ. ಉಸ್ತಾದರು ಗುಂಡಿಗೆ ಇಳಿಯುವರು. ಜಾಬ್ ಕಾರ್ಡ್ ಬರೆಯುವವಳು, ಅಂದರೆ ನಾನು, ಮೇಲೆ ಸ್ಟೇರಿಂಗ್ ಹಿಡಿದು ಕೂರುವುದು. ಶೆಡ್ಡಿನ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ. ಕೆಳಗಿನಿಂದ ಸ್ಪ್ಯಾನರಿನ ಒಂದು ಟಕ್ ಕೇಳಿಸಿದರೆ ಎಡಕ್ಕೆ, ಎರಡು ಟಕ್ ಅಂದರೆ ಬಲಕ್ಕೆ. ಪೂರ್ತಿ ತಿರುಗಿಸುವುದಲ್ಲ, ಮಗುವಿನ ತೊಟ್ಟಿಲು ತೂಗುವಷ್ಟು. ನಾನು ತೂಗುತ್ತಿದ್ದರೆ ಅವರು ಕೆಳಗೆ ಒಂದೊಂದೇ ಕೀಲಿನ ಮೇಲೆ ಅಂಗೈ ಇಟ್ಟುಕೊಂಡು ಹೋಗುವರು. ಸ್ಟೇರಿಂಗಿನ ಕೆಳಗೊಂದು ಬಾಕ್ಸು, ಬಾಕ್ಸಿಗೊಂದು ತೋಳು, ತೋಳಿಗೊಂದು ಸಲಾಕೆ, ಸಲಾಕೆಯ ತುದಿಗಳಲ್ಲಿ ಗುಂಡುಗಳು, ಆಮೇಲೆ ಚಕ್ರ. ಎಲ್ಲಿ ಒಂದು ಕಬ್ಬಿಣ ಅಲುಗಿ ಪಕ್ಕದ್ದು ತಡವಾಗಿ ಅಲುಗುತ್ತದೋ ಅಲ್ಲಿ ರೋಗ.

ಮೇಲೆ ಕೂತ ನನಗೆ ಕಾಣುವುದು ಏನೂ ಇಲ್ಲ. ಅದಕ್ಕೇ ಕಣ್ಣು ಮುಚ್ಚಿಸುತ್ತಿದ್ದರು. ಮೊದಮೊದಲು ನನಗೆ ಗೊತ್ತಾಗುತ್ತಿದ್ದದ್ದು ರೆಕ್ಸಿನ್ನಿನ ಜಿಡ್ಡು ಮಾತ್ರ. ಆರು ತಿಂಗಳಾದ ಮೇಲೆ ಒಂದು ದಿನ, ಬಲಕ್ಕೆ ತೂಗುವಾಗ ಎರಡು ಬೆರಳಿನಷ್ಟು ದೂರ ಬರೀ ಗಾಳಿ, ಆಮೇಲೆ ಸಣ್ಣದೊಂದು ತಡೆ, ಆಮೇಲೆ ಚಕ್ರದ ಭಾರ. ಮೂರೂ ಬೇರೆ ಬೇರೆಯಾಗಿ ನನ್ನ ಅಂಗೈಗೆ ಬಂದವು. ಮೈ ಜುಮ್ಮೆಂದಿತು. ಅಷ್ಟು ದೂರದ ಕಬ್ಬಿಣ ನನಗೆ ತನ್ನ ಸಮಾಚಾರ ಹೇಳುತ್ತಿತ್ತು. ನಾನು “ಉಸ್ತಾದ್!” ಎಂದು ಕಿರುಚಿದೆ. ಅವರು ಏನೋ ಬಿತ್ತೆಂದು ಹೆದರಿ ತಲೆ ಎತ್ತಿ, ಅದನ್ನು ಗಾಡಿಯಡಿಯ ಚಾಸಿ ಕಬ್ಬಿಣಕ್ಕೆ ಹೊಡೆಸಿಕೊಂಡರು.

ಆಮೇಲೆ ಜಂಬ ಬಂತು. ಬರದೇ ಇರುತ್ತದೆಯೇ? ಒಂದು ಹಾಲಿನ ಪಿಕಪ್ಪು ಬಂದಿತ್ತು. ಸ್ಟೇರಿಂಗ್ ನಾಲ್ಕು ಬೆರಳು ಖಾಲಿ ತಿರುಗುತ್ತಿತ್ತು. ಮ್ಯಾನ್ಯುಯಲ್ಲಿನಲ್ಲಿ ಸ್ಟೇರಿಂಗ್ ಬಾಕ್ಸಿನ ತಲೆಯ ಮೇಲೊಂದು ಅಡ್ಜಸ್ಟಿಂಗ್ ಸ್ಕ್ರೂ ಇದೆ, ಬಿಗಿ ಮಾಡಿದರೆ ಪ್ಲೇ, ಅಂದರೆ ಆ ಖಾಲಿ ತಿರುಗಾಟ, ಕಡಿಮೆಯಾಗುತ್ತದೆ ಎಂದು ಬರೆದಿತ್ತು. ನಾನು ಓದಿ ಹೇಳಿ ಹಟ ಹಿಡಿದೆ. ಉಸ್ತಾದರು ಒಂದು ಮಾತೂ ಆಡದೆ ಬಿಗಿ ಮಾಡಿದರು. ಪ್ಲೇ ಮಾಯ! ನಾನು ಶೆಡ್ಡಿನಲ್ಲಿ ರಾಣಿಯ ಹಾಗೆ ಓಡಾಡಿದೆ. ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಡಿಯನ್ನು ಶೆಡ್ಡಿನ ಹಿಂದಿನ ಖಾಲಿ ಜಾಗಕ್ಕೆ ಒಯ್ದರು. ಬಲಕ್ಕೆ ತಿರುಗಿಸಿ ಕೈಬಿಟ್ಟರು. ಸ್ಟೇರಿಂಗ್ ವಾಪಸ್ ಬರಲೇ ಇಲ್ಲ, ತಿರುಗಿದಲ್ಲೇ ಕಚ್ಚಿಕೊಂಡು ನಿಂತಿತು. ಗೋಡೆ ನಮ್ಮ ಕಡೆಗೇ ಬರುತ್ತಿತ್ತು.

ಬ್ರೇಕ್ ಹಾಕಿ ಅವರು ಹೇಳಿದರು: “ಮುಂದಿನ ಗುಂಡು ಸವದೈತಿ, ನೀವು ಬಾಕ್ಸಿನ ಕುತ್ತಿಗಿ ಹಿಚಕೀರಿ. ಮಗಾ ಅಳಾಕತ್ತಿದ್ರ ಬಾಯಿ ಮುಚ್ಚಿದಂಗ ಆತು.”

“ಮೊದಲೇ ಹೇಳಬಾರದಿತ್ತೇ?”

“ಹೇಳಿದ್ರ ನೀವು ಪುಸ್ತಕದಾಗ ಇನ್ನೊಂದು ಹಾಳಿ ತೆಗೀತಿದ್ರಿ.”

ಪುಸ್ತಕದಲ್ಲಿ ತಪ್ಪಿರಲಿಲ್ಲ. ಆ ಸ್ಕ್ರೂ ಮುಟ್ಟುವ ಮೊದಲು ಉಳಿದ ಕೀಲುಗಳನ್ನೆಲ್ಲ ನೋಡಬೇಕೆಂದು ಅದೇ ಪುಟದ ಮೇಲ್ಗಡೆ ಬರೆದಿತ್ತು. ನಾನು ನನಗೆ ಬೇಕಾದ ಸಾಲಿನಿಂದ ಓದಿದ್ದೆ.

ಹೊಸಬರು ಇದೊಂದು ನೆನಪಿಟ್ಟುಕೊಳ್ಳಲಿ. ಸಡಿಲ ಸ್ಟೇರಿಂಗಿಗೆ ಒಂದೇ ಕಾರಣ ಇರುವುದಿಲ್ಲ. ಮುಂದಿನ ಎರಡು ಟೈರು ಎರಡು ಜಾತಿಯದ್ದಾಗಿದ್ದರೂ ಗಾಡಿ ಓಲಾಡುತ್ತದೆ, ಗಾಳಿ ಹೆಚ್ಚುಕಡಿಮೆಯಾದರೂ ಓಲಾಡುತ್ತದೆ. ಮೊದಲು ಸುಲಭದ್ದು, ಕೊನೆಗೆ ಕಷ್ಟದ್ದು. ಒಮ್ಮೆ ಒಬ್ಬ ದೊಡ್ಡ ಮನುಷ್ಯ ಮೂರು ವರ್ಕ್‌ಶಾಪ್ ತಿರುಗಿ, ಅರ್ಧ ಸ್ಟೇರಿಂಗ್ ಬದಲಾಯಿಸಿಕೊಂಡು ನಮ್ಮಲ್ಲಿಗೆ ಬಂದಿದ್ದ. ಉಸ್ತಾದರು ಗೇಟಿನಲ್ಲೇ ನಿಂತು ನೋಡಿ, ಗಾಳಿ ಹಾಕಿಸಿ ಕಳಿಸಿದರು. ಆತ ಥ್ಯಾಂಕ್ಸ್ ಹೇಳಲಿಲ್ಲ. ಅವಮಾನವಾಗಿರಬೇಕು, ಪಾಪ.

ತೆಲಂಗಾಣ ಬೇರೆ ರಾಜ್ಯವಾಗಿ ಕೆಲವು ವರ್ಷಗಳಾದ ಮೇಲೆ ನಮಗೆ ಹೊಸ ಮ್ಯಾನೇಜರ್ ಬಂದರು, ವಿಕ್ರಮ್ ಅಂತ. ಒಳ್ಳೆಯ ಮನುಷ್ಯ, ಫ್ರ್ಯಾಂಕ್ಲಿ ಹೇಳುತ್ತೇನೆ. ಶೆಡ್ಡಿಗೆ ಫ್ಯಾನು ಹಾಕಿಸಿದರು, ಹೆಂಗಸರಿಗೆ ಬಾಗಿಲಿರುವ ಬಾತ್‌ರೂಮ್ ಕಟ್ಟಿಸಿದರು. ಅದೊಂದಕ್ಕೇ ನಾನು ಅವರಿಗೆ ಋಣಿ. ಅವರು ಎರಡು ಕಂಬದ ಲಿಫ್ಟ್ ತರಿಸಿದರು. ಗುಂಡಿ ಬೇಡ, ಕತ್ತಲೆ ಬೇಡ. ಬಟನ್ ಒತ್ತಿದರೆ ಗಾಡಿ ಆಕಾಶದಲ್ಲಿ. ನಿಂತುಕೊಂಡೇ ಕೆಲಸ ಮಾಡಬಹುದು. ಮಳೆಗಾಲದಲ್ಲಿ ನೀರು ತುಂಬಿ ಕಪ್ಪೆ ಕೂಗುತ್ತಿದ್ದ ಗುಂಡಿಯ ಮೇಲೆ ಹಲಗೆ ಮುಚ್ಚಿ ಟೈರಿನ ರ‍್ಯಾಕ್ ಇಟ್ಟರು. ಉಸ್ತಾದರಿಗೆ ಮಂಡಿನೋವು ಶುರುವಾಗಿತ್ತು. ಅವರನ್ನು ಸ್ಪೇರ್ ಪಾರ್ಟ್ಸ್ ಕಿಟಕಿಯಲ್ಲಿ ಕೂರಿಸಿದರು. ನನಗೆ ಪ್ರಿಂಟಾದ ಚೆಕ್‌ಲಿಸ್ಟ್ ಬಂತು. ಸಾಲು ಸಾಲಾಗಿ ಇಂಗ್ಲಿಷ್, ಪಕ್ಕದಲ್ಲಿ ಪುಟ್ಟ ಚೌಕಗಳು. ಟಿಕ್ ಹಾಕುವುದು ನನಗೆ ಎಷ್ಟು ಖುಷಿ ಕೊಟ್ಟಿತೆಂದರೆ, ಯಾವುದಕ್ಕೆ ಟಿಕ್ ಹಾಕುತ್ತಿದ್ದೇನೆ ಎಂದು ಯೋಚಿಸುವುದೇ ಬಿಟ್ಟುಹೋಯಿತು.

ಆ ಕಾಲದಲ್ಲೇ ಶರಣಪ್ಪ ಬಂದದ್ದು.

ಸುರಪುರ ಕಡೆಯವನು, ಮೂವತ್ತೈದರ ಆಸುಪಾಸು, ಕಡ್ಡಿಯಂಥ ಮನುಷ್ಯ. ರಾಮುಲು ಎಂಬ ಕಟ್ಟಡದ ಕಾಂಟ್ರ್ಯಾಕ್ಟರರ ಹತ್ತಿರ ಹಳೆಯ ಪಿಕಪ್ ಓಡಿಸುತ್ತಿದ್ದ. ಬೆಳಿಗ್ಗೆ ಸೆಂಟ್ರಿಂಗ್ ಸಾಮಾನಿನ ಜೊತೆ ಅವನದೇ ಕಡೆಯ ಕೂಲಿ ಹೆಂಗಸರನ್ನು ಹಿಂದೆ ಕೂರಿಸಿಕೊಂಡು ಸೈಟಿಗೆ ಬಿಡುವುದು, ಸಂಜೆ ವಾಪಸ್ ತರುವುದು. ಮಾಲಿನ ಗಾಡಿಯಲ್ಲಿ ಜನರನ್ನು ಕೂರಿಸಬಾರದೆಂಬುದು ಎಲ್ಲರಿಗೂ ಗೊತ್ತು. ಎಲ್ಲರೂ ಕೂರಿಸುತ್ತಾರೆಂಬುದೂ ಗೊತ್ತು.

ಕೌಂಟರಿನ ಮುಂದೆ ನಿಂತು ನಾನು ಕನ್ನಡದಲ್ಲಿ ಮಾತಾಡಿದ್ದೇ ಅವನ ಮುಖ ಅರಳಿತು. “ಅಮ್ಮಾರ, ಗಾಡಿ ಕುಡದೈತ್ರಿ. ನಾ ಕುಡದಿಲ್ಲ. ಬೇಕಾದ್ರ ಮೂಸಿ ನೋಡ್ರಿ” ಎಂದು ನನ್ನ ಕಡೆಗೆ ಉಸಿರು ಬಿಟ್ಟ. ಈರುಳ್ಳಿ, ಜೋಳದ ರೊಟ್ಟಿ.

“ಏನು ತೊಂದರೆ ಹೇಳಪ್ಪ.”

“ಖಾಲಿ ಇದ್ದಾಗ ಸುಮ್ನ ಇರ್ತದ್ರಿ. ಮಂದಿ, ಸಾಮಾನು ಏರಿತಂದ್ರ ಓಲಾಡ್ತದ. ಉಬ್ಬು ಬಂದ್ರ ಒಂದು ಕಡೆ, ಬ್ರೇಕ್ ಹೊಡದ್ರ ಇನ್ನೊಂದು ಕಡೆ. ಸಾಹೇಬ್ರು ಗಾಡೀಗೆ ಅನ್ನವಲ್ರು, ನನಗ ಕುಡಕ ಅಂತಾರ.”

ಲಿಫ್ಟಿಗೆ ಏರಿಸಿದೆವು. ಚಕ್ರ ಗಾಳಿಯಲ್ಲಿ ತೂಗುತ್ತಿದ್ದವು. ಮೆಕ್ಯಾನಿಕ್ಕು ಒಂದೊಂದು ಗುಂಡನ್ನೂ ಅಲುಗಾಡಿಸಿ ನೋಡಿದ, ಎಲ್ಲ ಗಟ್ಟಿ. ಬಾಕ್ಸಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದ, ಗಟ್ಟಿ. ಫಿಟ್‌ನೆಸ್ ಸರ್ಟಿಫಿಕೇಟಿಗೆ ಹೋಗುವ ಮುಂಚೆ ಮಾಲೀಕರು ಚಾಸಿಗೆಲ್ಲ ಕಪ್ಪು ಬಣ್ಣ ಬಳಿಸುವ ರೂಢಿ. ಈ ಗಾಡಿಗೂ ಹೊಸದಾಗಿ ಬಳಿದಿತ್ತು, ಮದುವೆ ಮನೆಯ ಹಾಗೆ ಮಿರಿಮಿರಿ. ಆಮೇಲೆ ಖಾಲಿ ಗಾಡಿಯನ್ನು ಒಂದು ಕಿಲೋಮೀಟರ್ ಓಡಿಸಿ ತಂದರು. ನೇರ ಹೋಯಿತು, ನೇರ ಬಂತು.

ನಾನು ಎಲ್ಲ ಚೌಕಕ್ಕೂ ಟಿಕ್ ಹಾಕಿ, ಕೆಳಗೆ ನನ್ನ ಕಾನ್ವೆಂಟಿನ ಕೂಡಕ್ಷರದಲ್ಲಿ “ನೋ ಫಾಲ್ಟ್ ಫೌಂಡ್. ವೆಹಿಕಲ್ ಫಿಟ್ ಫಾರ್ ರೋಡ್” ಎಂದು ಬರೆದು ಸಹಿ ಮಾಡಿದೆ. ಚಂದದ ಅಕ್ಷರ ಎಂದು ಸಿಸ್ಟರ್ ನನಗೆ ಪ್ರೈಜ್ ಕೊಟ್ಟಿದ್ದರು. ಚಂದದ ಅಕ್ಷರದಲ್ಲಿ ಬರೆದದ್ದು ಓದುವವರಿಗೆ ನಿಜದ ಹಾಗೇ ಕಾಣುತ್ತದೆ. ಬರೆಯುವವರಿಗೂ ಕಾಣುತ್ತದೆ.

ಹದಿನೈದು ದಿನ ಕಳೆದಿರಬೇಕು. ಶರಣಪ್ಪ ಮತ್ತೆ ಬಂದ. ಗಾಡಿ ಇರಲಿಲ್ಲ, ಬಸ್ಸಿನಲ್ಲಿ ಬಂದಿದ್ದ. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಕೌಂಟರಿನ ಮೇಲೆ ಬಿಡಿಸಿ ಇಟ್ಟ. ನನ್ನದೇ ಜಾಬ್ ಕಾರ್ಡಿನ ಜೆರಾಕ್ಸ್.

“ಇದನ್ನ ಓದಿ ಹೇಳ್ರಿ ಅಮ್ಮಾರ.”

ಓದಿದೆ. ಕನ್ನಡದಲ್ಲಿ ಅರ್ಥ ಹೇಳಿದೆ: ಗಾಡಿಯಲ್ಲಿ ದೋಷ ಸಿಗಲಿಲ್ಲ, ರಸ್ತೆಗೆ ಯೋಗ್ಯವಾಗಿದೆ.

“ಇದರಾಗ ಶರಣಪ್ಪ ಕುಡೀತಾನ ಅಂತ ಎಲ್ಲಿ ಬರದೈತ್ರಿ?”

“ಎಲ್ಲೂ ಇಲ್ಲ.”

“ಹಂಗಾದ್ರ ಸಾಹೇಬ್ರು ಹೆಂಗ ಓದಿದ್ರು?”

ಕಾಂಟ್ರ್ಯಾಕ್ಟರ್ ರಾಮುಲು ಈ ಕಾಗದವನ್ನು ಕೂಲಿಯವರು ಇರುವ ಲೇಬರ್ ಶೆಡ್ಡಿನಲ್ಲಿ ಎಲ್ಲರೆದುರು ಹಿಡಿದು ತೋರಿಸಿದ್ದರಂತೆ: ಕಂಪನಿಯೇ ಗಾಡಿ ಚೆನ್ನಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆದುಕೊಟ್ಟಿದೆ, ಕೆಟ್ಟಿರುವುದು ಇವನೇ. ಇವನ ಹಿಂದೆ ಬೈಕಿನಲ್ಲಿ ಬಂದು ನಾನೇ ಕಣ್ಣಾರೆ ನೋಡಿದ್ದೇನೆ, ನೇರ ರಸ್ತೆಯಲ್ಲೂ ಸ್ಟೇರಿಂಗನ್ನು ಆ ಕಡೆ ಈ ಕಡೆ ತಿರುಗಿಸುತ್ತಲೇ ಇರುತ್ತಾನೆ ಎಂದೂ ಅಂದರಂತೆ. ಕೆಲಸದಿಂದ ತೆಗೆದರು. ಆ ಹೆಂಗಸರೆಲ್ಲ ಅವನ ಊರಿನ ಸುತ್ತಮುತ್ತಲಿನವರು, ಅವನ ಹೆಂಡತಿಯೂ ಅವರಲ್ಲೊಬ್ಬಳು. ಕುಡುಕ ಡ್ರೈವರ್ ಎಂಬ ಹೆಸರು ಅವನಿಗಿಂತ ಮೊದಲು ಊರು ಮುಟ್ಟಿತ್ತು. ಇನ್ನು ಯಾರೂ ಅವನ ಕೈಗೆ ಸ್ಟೇರಿಂಗ್ ಕೊಡುವುದಿಲ್ಲ.

“ನನಗ ಬ್ಯಾರೆ ಏನೂ ಬರೂದಿಲ್ರಿ, ಗಾಡಿ ಹೊಡಿಯೋದೊಂದ ಬರ್ತದ” ಎಂದ. ಬೈಯಲಿಲ್ಲ, ಅಳಲಿಲ್ಲ. ಕಾಗದವನ್ನು ಅದೇ ನಾಲ್ಕು ಮಡಿಕೆಗೆ ಮಡಿಸಿದ.

ಆಗ ಹಿಂದಿನಿಂದ ಉಸ್ತಾದರ ದನಿ. ಪಾರ್ಟ್ಸ್ ಕಿಟಕಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದರು. “ಅಕ್ಕೋರ, ಆವತ್ತ ಚಕ್ರ ಎಲ್ಲಿದ್ವು?”

“ಲಿಫ್ಟಿನ ಮೇಲೆ.”

“ಅಂದ್ರ ಗಾಳ್ಯಾಗ.” ಅಷ್ಟೇ ಹೇಳಿ ತಮ್ಮ ಬೀಡಿ ಹುಡುಕಿದರು.

ನನಗೆ ಗೊತ್ತಿತ್ತು! ಹೊಸದಾಗಿ ಹೇಳಿಕೊಡಬೇಕಾದ ಸಂಗತಿಯೇ ಅಲ್ಲ. ಚಕ್ರಕ್ಕೆ ನೆಲದ ತಡೆ ಇದ್ದರೆ ಮಾತ್ರ ಕೀಲುಗಳು ತಮ್ಮ ನಿಜ ಹೇಳುತ್ತವೆ ಎಂಬುದನ್ನು ನನ್ನ ಅಂಗೈಗಳೇ ಎಷ್ಟೋ ವರ್ಷ ಕಲಿತಿದ್ದವು. “ಮಂದಿ ಏರಿದ್ರ ಓಲಾಡ್ತದ” ಎಂದು ಅವನೂ ಬಾಯಿಬಿಟ್ಟು ಹೇಳಿದ್ದ. ಆದರೆ ಚೆಕ್‌ಲಿಸ್ಟಿನಲ್ಲಿ ಅದಕ್ಕೆ ಚೌಕ ಇರಲಿಲ್ಲ.

ಮ್ಯಾನೇಜರ್ ವಿಕ್ರಮ್ ಹತ್ತಿರ ಹೋಗಿ, ನನ್ನ ರಿಪೋರ್ಟ್ ತಪ್ಪಿರಬಹುದು, ಮುಚ್ಚಿದ ಗುಂಡಿ ತೆರೆಸಿಕೊಡಿ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಮೇಡಂ, ಆರ್ ಯೂ ಶೂರ್?” ಇಲ್ಲ ಎಂದೆ. ಯಾಕೋ ಆ ಉತ್ತರ ಅವರಿಗೆ ಹಿಡಿಸಿತು. ರ‍್ಯಾಕ್ ಸರಿಸಲು ತಾವೇ ಕೈಹಾಕಿದರು. ಕಾಂಟ್ರ್ಯಾಕ್ಟರರನ್ನು ಫೋನಿನಲ್ಲಿ ಒಪ್ಪಿಸುವುದು ಕಷ್ಟವಾಯಿತು. “ಗಾಡಿ ಚೆನ್ನಾಗಿದೆ ಅಂತ ಬರೆದವರು ನೀವೇ, ಈಗ ಚೆನ್ನಾಗಿಲ್ಲ ಅನ್ನುವವರೂ ನೀವೇ. ನಾನು ಯಾವ ಮೇಡಮ್ಮನ ಮಾತು ನಂಬಲಿ?” ಎಂದು ತೆಲುಗಿನಲ್ಲಿ ರೇಗಿದರು. ಎರಡನೆಯವಳನ್ನು ನಂಬಿ ಎಂದೆ. ಮಾರನೆಯ ದಿನ ಬೆಳಿಗ್ಗೆ, ಹೊಸ ಡ್ರೈವರನ ಕೈಲಿ ಗಾಡಿ ಓಡಿಸಿಕೊಂಡು ತಾವೇ ಬಂದರು. ಬಿಳಿ ಪ್ಯಾಂಟು, ಬಿಳಿ ಅಂಗಿ, ಮುಖ ಗಂಟು. ನಾನು ಬರಹೇಳಿದ್ದ ಶರಣಪ್ಪ ಗೇಟಿನ ಹತ್ತಿರವೇ ನಿಂತ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಹಿಂದೆ ಮರಳಿನ ಚೀಲ ತುಂಬಿ, ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿದೆವು. ಉಸ್ತಾದರು ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ನಾನು ಸೆರಗು ಸಿಕ್ಕಿಸಿ ಮೇಲೆ ಕೂತು ಕಣ್ಣು ಮುಚ್ಚಿದೆ. ಟಕ್. ಎಡಕ್ಕೆ ತೂಗಿದೆ. ಟಕ್ ಟಕ್. ಬಲಕ್ಕೆ. ಒಂದು ಕೀಲು, ಎರಡು, ಮೂರು. ಏನೂ ಇಲ್ಲ. ಆದರೆ ಕೈಗೆ ಏನೋ ಬರುತ್ತಿತ್ತು. ಖಾಲಿ ಗಾಳಿಯಲ್ಲ, ತಡೆಯೂ ಅಲ್ಲ. ಒದ್ದೆ ಹಲಗೆಯನ್ನು ತುಳಿದಾಗ ಅದು ತುಸು ಬಾಗಿ ಮತ್ತೆ ಏಳುತ್ತದಲ್ಲ, ಹಾಗೆ. ಅಷ್ಟು ವರ್ಷದಲ್ಲಿ ಅಂಥದ್ದು ನನಗೆ ಸಿಕ್ಕಿರಲಿಲ್ಲ.

ಕೆಳಗಿನ ಟಕ್ ನಿಂತಿತು. ಆಮೇಲೆ ಉಸ್ತಾದರೇ ಕೂಗಿದರು: “ಅಕ್ಕೋರ, ಇಳಿದು ಬರ್ರಿ. ಮ್ಯಾನೇಜರ್ ಸಾಬರು ಕೂಡಲಿ ಮ್ಯಾಲ.”

ನಾನು ಗುಂಡಿಗೆ ಇಳಿದೆ. ಅವರು ನನ್ನ ಕೈ ಹಿಡಿದು ಸ್ಟೇರಿಂಗ್ ಬಾಕ್ಸಿನ ಮೇಲೆ ಇಟ್ಟರು. ಅದು ಚಾಸಿಗೆ ನಾಲ್ಕು ಬೋಲ್ಟಿನಿಂದ ಬಿಗಿದ ಗಟ್ಟಿ ಕಬ್ಬಿಣದ ಗಂಟು, ಅಲುಗಲೇಬಾರದ್ದು. ಮೇಲಿನಿಂದ ವಿಕ್ರಮ್ ಸ್ಟೇರಿಂಗ್ ತಿರುಗಿಸಿದರು. ಬಾಕ್ಸು ನನ್ನ ಅಂಗೈಯಡಿ ಮೆಲ್ಲಗೆ ಉಸಿರು ತೆಗೆದುಕೊಂಡಿತು. ಬಿಟ್ಟಿತು. ಮತ್ತೆ ತೆಗೆದುಕೊಂಡಿತು. ಬೋಲ್ಟು ಸಡಿಲವಿರಲಿಲ್ಲ, ಬೋಲ್ಟು ಹಿಡಿದಿದ್ದ ಚಾಸಿಯ ತಗಡೇ ಬಾಕ್ಸಿನ ಜೊತೆ ಬಾಗುತ್ತಿತ್ತು.

ಉಸ್ತಾದರು ಸೀಮೆಎಣ್ಣೆ ಹಚ್ಚಿ ತಂತಿಯ ಬ್ರಷ್ಷಿನಿಂದ ಆ ಮಿರಿಮಿರಿ ಬಣ್ಣ ಉಜ್ಜಿದರು. ಬೋಲ್ಟಿನ ತೂತಿನಿಂದ ಹೊರಟ ಒಂದು ಗೆರೆ, ತಲೆಗೂದಲಿನಷ್ಟು ತೆಳ್ಳಗೆ, ಕೆಳಗಿಳಿದು ತಿರುಗಿ ಇನ್ನೊಂದು ತೂತಿನ ಹತ್ತಿರದವರೆಗೂ ಹೋಗಿತ್ತು. ಸ್ಟೇರಿಂಗ್ ತಿರುಗಿಸಿದಾಗ ಬಾಯಿ ಬಿಡುತ್ತಿತ್ತು, ಬಿಟ್ಟಾಗ ಮುಚ್ಚಿಕೊಳ್ಳುತ್ತಿತ್ತು. ಚಕ್ರ ಗಾಳಿಯಲ್ಲಿದ್ದರೆ ಅದಕ್ಕೆ ಬಾಯಿ ಬಿಡುವ ಕಾರಣವೇ ಇರಲಿಲ್ಲ. ಒಂದು ಬೆರಳಿನಷ್ಟು ಕಬ್ಬಿಣ ಸೀಳದೆ ಉಳಿದಿತ್ತು. ಅಷ್ಟರ ಮೇಲೆ ಅಷ್ಟು ಜೀವ ದಿನಾ ಎರಡು ಸಲ ಹೋಗಿ ಬಂದಿದ್ದವು.

ಕಾಂಟ್ರ್ಯಾಕ್ಟರ್ ಗುಂಡಿಯ ಅಂಚಿನಲ್ಲಿ ಬಗ್ಗಿ, ಗೆರೆ ಕಾಣುವುದಿಲ್ಲ, ಬಣ್ಣ ಒಡೆದಿರಬೇಕು ಎಂದರು. ಉಸ್ತಾದರು ಹಿಂದಿಯಲ್ಲಿ, “ಪ್ಯಾಂಟು ಒಗೆದರೆ ಬಿಳಿಯಾಗುತ್ತದೆ ಸಾಬ್, ಇಳಿದು ಬನ್ನಿ” ಎಂದರು. ಇಳಿದರು. ಬಾಕ್ಸಿನ ಮೇಲೆ ಕೈ ಇಟ್ಟರು. ವಿಕ್ರಮ್ ತಿರುಗಿಸಿದರು. ಆ ಮನುಷ್ಯನ ಮುಖದ ಗಂಟು ನಾನು ನೋಡುತ್ತಿದ್ದ ಹಾಗೇ ಬಿಚ್ಚಿ, ಬಣ್ಣ ಇಳಿದುಹೋಯಿತು. ಕೈಯನ್ನು ಬಿಸಿ ಹಂಚಿನಿಂದ ತೆಗೆದ ಹಾಗೆ ತೆಗೆದರು.

“ಮತ್ತೆ ಅವನು ಸ್ಟೇರಿಂಗನ್ನು ಯಾಕೆ ಹಾಗೆ ಆಡಿಸುತ್ತಿದ್ದ?” ಎಂದು ಕೇಳಿದರು. ದನಿ ಸಣ್ಣದಾಗಿತ್ತು.

ಶರಣಪ್ಪನನ್ನು ಕರೆದೆ. ಅವನು ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಗಾಳಿಯಲ್ಲಿ ಸ್ಟೇರಿಂಗ್ ಹಿಡಿದು ತೋರಿಸಿದ. “ಜಗ್ಗೂದಕ್ಕ ಮೊದಲ ಅಂಗೈಗೆ ಗೊತ್ತಾಗ್ತದ್ರಿ. ಇನ್ನ ಎಡಕ್ಕ ಹೊಂಟಿತು ಅನ್ನೂದ್ರಾಗ ನಾ ಎರಡು ಬೊಟ್ಟು ಬಲಕ್ಕ ತಂದಿರ್ತೀನಿ. ಉಬ್ಬು ದೂರದಾಗ ಕಂಡ್ರ ಅಲ್ಲಿಂದನ ಹಿಡೀತಿದ್ದೆ. ಹಿಂದ ಮಂದಿ ಕುಂತಾರಲ್ರಿ.”

ಉಸ್ತಾದರು ಕೈ ಒರೆಸಿಕೊಳ್ಳುತ್ತ ನನಗೆ ಹೇಳಿದರು: “ಸಾಬಗ ತಿಳಿಸಿ ಹೇಳ್ರಿ ಅಕ್ಕೋರ. ಇವ ಒಂದ ದಿನ ಕುಡದಿದ್ರ ಈ ಗಾಡಿ ಅವತ್ತ ಪಲ್ಟಿ ಹೊಡೀತಿತ್ತು. ಕುಡೀಲಾರದ್ದಕ್ಕ ನಿಂತೈತಿ.”

ತೆಲುಗಿನಲ್ಲಿ ಹೇಳಿದೆ. ಕಣ್ಣು ಮುಚ್ಚಿ ಕೂತು ಕಬ್ಬಿಣದ ಮಾತು ಕೇಳುವುದು ನನ್ನ ವಿದ್ಯೆ ಎಂದುಕೊಂಡಿದ್ದೆ. ಈ ಮನುಷ್ಯ ಅದನ್ನು ಓಡುವ ಗಾಡಿಯಲ್ಲಿ, ಕಣ್ಣು ತೆರೆದು, ಬೆನ್ನ ಹಿಂದೆ ಅಷ್ಟು ಜೀವ ಇಟ್ಟುಕೊಂಡು ತಿಂಗಳುಗಟ್ಟಲೆ ಮಾಡಿದ್ದ. ಅದಕ್ಕೆ ಸಿಕ್ಕ ಹೆಸರು ಕುಡುಕ. ಆ ಹೆಸರಿಗೆ ಸಾಕ್ಷಿ ನನ್ನ ಸಹಿ.

ರಿಪೇರಿಗೆ ಎರಡು ದಿನ ಹಿಡಿಯಿತು. ಬಾಕ್ಸು ಬಿಚ್ಚಿ, ಬಿರುಕಿನ ತುದಿಗೆ ಸಣ್ಣ ತೂತು ಕೊರೆದರು. ಹಾಗೆ ಮಾಡಿದರೆ ಬಿರುಕು ಅಲ್ಲೇ ನಿಲ್ಲುತ್ತದೆ, ಮುಂದೆ ಓಡುವುದಿಲ್ಲ. ಗೆರೆಯನ್ನು ಕೆತ್ತಿ ಅಗಲ ಮಾಡಿ ವೆಲ್ಡಿಂಗ್ ತುಂಬಿ, ಮೇಲೆ ದಪ್ಪ ಪ್ಲೇಟು ಹೊದಿಸಿ, ಹೊಸ ಬೋಲ್ಟು ಹಾಕಿ, ಕೊನೆಗೆ ಅಲೈನ್‌ಮೆಂಟ್. ಉಸ್ತಾದರು ಪ್ಲೇಟಿನ ಮೂಲೆಗಳನ್ನು ದುಂಡಗೆ ಉಜ್ಜಿಸಿದರು. ಚೂಪು ಮೂಲೆ ಇದ್ದರೆ ಹೊಸ ಬಿರುಕು ಅಲ್ಲಿಂದಲೇ ಹುಟ್ಟುತ್ತದಂತೆ. ಮ್ಯಾನೇಜರ್ ಪಕ್ಕದಲ್ಲಿ ನಿಂತು ಅದನ್ನೆಲ್ಲ ಬರೆದುಕೊಂಡರು. ಗುಂಡಿಯ ಮೇಲೆ ಮತ್ತೆ ರ‍್ಯಾಕ್ ಬರಲಿಲ್ಲ.

ಕಾಂಟ್ರ್ಯಾಕ್ಟರ್ ಶರಣಪ್ಪನ ಹೆಗಲ ಮೇಲೆ ಕೈಹಾಕಿ, ನಾಳೆಯಿಂದ ಬಾ ಎಂದರು. ಅವನು ಕೈಯನ್ನು ಸರಿಸಲಿಲ್ಲ, ತಲೆಯನ್ನೂ ಆಡಿಸಲಿಲ್ಲ. ನನ್ನ ಕಡೆ ತಿರುಗಿ ಹೇಳಿದ: “ಅಮ್ಮಾರ, ಕುಡಕ ಅಂದದ್ದು ಮಂದಿ ಮುಂದ. ಅಲ್ಲ ಅನ್ನೂದು ಇಲ್ಲಿ ನಾಕು ಗ್ವಾಡಿ ನಡುವ ಅಂದ್ರ ಹೆಂಗ್ರಿ?”

ಅದಕ್ಕಾಗಿ ಮಾರನೆಯ ಬೆಳಿಗ್ಗೆ ನಾನು ಆ ಲೇಬರ್ ಶೆಡ್ಡಿಗೆ ಹೋದೆ. ತಗಡಿನ ಗೂಡುಗಳ ಸಾಲು, ಒಲೆಯ ಹೊಗೆ, ಬುತ್ತಿ ಕಟ್ಟಿಕೊಂಡು ನಿಂತ ಹದಿನೈದಿಪ್ಪತ್ತು ಹೆಂಗಸರು. ಕಾಂಟ್ರ್ಯಾಕ್ಟರ್ ತೆಲುಗಿನಲ್ಲಿ ಎರಡು ಮಾತು ಹೇಳಿದರು: ಗಾಡಿಯ ಕಬ್ಬಿಣ ಸೀಳಿತ್ತು, ಶರಣಪ್ಪನದು ತಪ್ಪಿಲ್ಲ. ಹೇಳಿದ್ದು ದೊಡ್ಡದು, ನಾನು ಅಷ್ಟು ಎಣಿಸಿರಲಿಲ್ಲ. ಅದನ್ನು ಕನ್ನಡಕ್ಕೆ ತಿರುಗಿಸಿ ನನ್ನದನ್ನೂ ಸೇರಿಸಿದೆ. “ಗಾಡಿ ಚೆನ್ನಾಗಿದೆ ಅಂತ ಆ ಕಾಗದದ ಮೇಲೆ ಬರೆದವಳು ನಾನು. ಸರಿಯಾಗಿ ನೋಡದೆ ಬರೆದೆ. ಇವನ ಹೆಸರು ಕೆಟ್ಟದ್ದು ನನ್ನಿಂದ.”

ಶರಣಪ್ಪನ ಹೆಂಡತಿ ಯಾರೆಂದು ಯಾರೂ ತೋರಿಸಬೇಕಾಗಲಿಲ್ಲ. ಒಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು. ಆಮೇಲೆ ಗುಂಪಿನ ಹಿರಿಯಳು, ಭೀಮವ್ವ ಅಂತ, ಎಲೆ ಅಡಿಕೆಯನ್ನು ಕೆನ್ನೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ದೂಡಿ ಬಾಯಿ ತೆರೆದಳು.

“ಬಾಯಾರ, ನೀವು ಎಷ್ಟನೆತ್ತ ಓದೀರಿ?”

“ಬಿ.ಎ.”

“ಹ್ಞೂಂ. ಅಷ್ಟು ಓದಿದವ್ರಿಗೆ ಇಷ್ಟು ತಪ್ಪು ಬರಿಯಾಕ ಬರ್ತದ. ನಮ್ಮಂಥವ್ರಿಗೆ ಬರೂದಿಲ್ಲ ಬಿಡ್ರಿ.”

ಎಲ್ಲರೂ ಗೊಳ್ಳೆಂದು ನಕ್ಕರು. ನನ್ನ ಕಿವಿ ಕಾದವು. ಅವಳು ನಗಲಿಲ್ಲ.

“ಈಗ ಗಾಡಿ ಚಲೋ ಐತಿ ಅಂತೀರಿ?”

“ಚೆನ್ನಾಗಿದೆ. ನಾನೇ ನೋಡಿದ್ದೇನೆ.”

“ಆವತ್ತೂ ನೀವ ನೋಡಿದ್ರಿ. ಹಂಗಾದ್ರ ಹತ್ರಿ ಹಿಂದ. ನಮ್ಮ ಸಂಗಾಟ ಕುಂದರ್ರಿ, ಸೈಟಿನ ತನಕ.”

ಕಾಂಟ್ರ್ಯಾಕ್ಟರ್ ಗಾಬರಿಯಾಗಿ ಮುಂದಿನ ಸೀಟಿನ ಬಾಗಿಲು ತೆರೆದರು. ನಾನು ಹಿಂದಕ್ಕೆ ಹೋದೆ. ಅರುವತ್ತರ ಹತ್ತಿರದ ಮಂಡಿ, ಹತ್ತಲು ಬರಲಿಲ್ಲ. ಇಬ್ಬರು ಮೇಲಿನಿಂದ ಎಳೆದರು, ಒಬ್ಬಳು ಕೆಳಗಿನಿಂದ ನೂಕಿದಳು. ಸೆಂಟ್ರಿಂಗ್ ಹಲಗೆಗಳ ಮೇಲೆ ಭೀಮವ್ವನ ಪಕ್ಕದಲ್ಲಿ ಕೂತೆ. ಅವತ್ತಿನಿಂದ ನಿವೃತ್ತಿಯಾಗುವವರೆಗೂ, ಸ್ಟೇರಿಂಗ್ ರಿಪೇರಿಯಾದ ಯಾವ ಗಾಡಿಯ ಕಾರ್ಡಿಗೂ ಅದು ಹೊರುವ ಭಾರವನ್ನೆಲ್ಲ ಹೇರಿಸಿ, ನಾನೂ ಅದರಲ್ಲಿ ಕೂತು ಬರದೆ ಸಹಿ ಮಾಡಲಿಲ್ಲ. ಈ ಒಂದು ಸಂಗತಿಯನ್ನು ಯಾವ ಟ್ಯಾಬ್ಲೆಟ್ಟಿನ ಮೇಲಾದರೂ ಬರೆದುಕೊ, ಮಗಳೇ.

ಶರಣಪ್ಪ ಗಾಡಿ ಎತ್ತಿದ. ಹೆಂಗಸರು ಪಕ್ಕದ ಸಲಾಕೆಗಳನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಅಷ್ಟು ತಿಂಗಳಲ್ಲಿ ಅವರ ಮೈಗೆ ಅದೇ ಅಭ್ಯಾಸವಾಗಿತ್ತು. ಮೊದಲ ಉಬ್ಬು ಬಂತು. ಗಾಡಿ ಏರಿತು, ಇಳಿಯಿತು, ನೇರ ಹೋಯಿತು. ಡ್ರೈವರ್ ಸೀಟಿನ ಹಿಂದಿನ ಗಾಜಿನಲ್ಲಿ ನೋಡಿದೆ. ಶರಣಪ್ಪನ ಕೈಗಳು ಸ್ಟೇರಿಂಗಿನ ಮೇಲೆ ಸುಮ್ಮನೆ ಕೂತಿದ್ದವು. ಎರಡನೆಯ ಉಬ್ಬು. ಒಬ್ಬಳು ಸಲಾಕೆ ಬಿಟ್ಟು ಬುತ್ತಿಯನ್ನು ತೊಡೆಯ ಮೇಲೆ ತೆಗೆದುಕೊಂಡಳು. ಇನ್ನೊಬ್ಬಳು ಬಿಟ್ಟಳು. ದೊಡ್ಡ ರಸ್ತೆ ಹತ್ತಿದ ಮೇಲೆ, ಬೆಳಗಿನ ಜಾವಕ್ಕೆ ಎದ್ದು ಅಡುಗೆ ಮಾಡಿ ಬಂದ ಆ ಜೀವಗಳು ಒಂದೊಂದಾಗಿ ತೂಕಡಿಸತೊಡಗಿದವು. ಒಬ್ಬಳ ತಲೆ ಇನ್ನೊಬ್ಬಳ ಹೆಗಲಿಗೆ, ಅವಳದ್ದು ಪಕ್ಕದವಳ ಹೆಗಲಿಗೆ. ಸ್ವಲ್ಪ ಹೊತ್ತಿಗೆ ಭೀಮವ್ವನ ತಲೆ ನನ್ನ ಹೆಗಲ ಮೇಲೆ ಬಿತ್ತು.

ಸೈಟು ಬರುವವರೆಗೂ ನಾನು ಅಲುಗಾಡಲಿಲ್ಲ.